ಚೊತ್ತೊ ಎಂದರೆ ಸ್ವಲ್ಪ

ಚೌಕಾಸಿ ಮಾಡದೆ ಕೊಂಡ ವಸ್ತು ನನ್ನದು ಅಂತ ನನಗೆ ಅನ್ನಿಸುವುದೇ ಇಲ್ಲ. ಇದನ್ನು ಚಟ ಎನ್ನುವವರಿದ್ದಾರೆ. ನಮ್ಮ ಯಜಮಾನರು ಆ ಪಕ್ಷದ ಮುಖಂಡರು. ನಾನು ಮಾತ್ರ ಅದನ್ನು ಸೌಜನ್ಯ ಎಂದೇ ತಿಳಿದಿದ್ದೇನೆ. ಅಂಗಡಿಯವನು ಹೇಳಿದ ಬೆಲೆಯನ್ನು ತೆಪ್ಪಗೆ ಕೊಟ್ಟು ಬಂದರೆ ಅವನ ಜೊತೆ ಎರಡು ಮಾತಾಡಿದಂತಾಗಲಿಲ್ಲ, ‘ಇದಕ್ಕಿಂತ ಕಮ್ಮಿ ಮಾಡಿದ್ರೆ ನಂಗೆ ಅಸಲೂ ಗಿಟ್ಟಲ್ಲ ಅಕ್ಕ’ ಎಂದು ಎದೆ ಮುಟ್ಟಿಕೊಳ್ಳಲು ಅವನಿಗೊಂದು ಅವಕಾಶ ಕೊಟ್ಟಂತೆಯೂ ಆಗಲಿಲ್ಲ. ಕೇಳಿದವರಿಗೂ ಕೇಳದವರಿಗೂ ನಾನು ಹೇಳುವುದಿಷ್ಟೆ. ಬೇಕಾದ ಸೀರೆಯ ಕಡೆ ನೋಡಬೇಡಿ, ಅದರ ಪಕ್ಕದ್ದನ್ನು ಬಿಚ್ಚಿಸಿ. ಬಣ್ಣ ಹೋಗುತ್ತದೇನೋ ಎಂದು ಅನುಮಾನಪಡಿ. ಕೊನೆಗೆ ಏನೂ ಬೇಡವೆಂದು ಚೀಲ ಎತ್ತಿಕೊಂಡು ಹೊರಟೇಬಿಡಿ. ಚಿಕ್ಕಪೇಟೆಯಲ್ಲಿ ನಾನು ಹಾಗೆ ಹೊರಟು ಮುಂದಿನ ಅಂಗಡಿಯ ಮೆಟ್ಟಿಲು ಮುಟ್ಟುವುದರೊಳಗೆ ಹಿಂದಿನಿಂದ ‘ಬನ್ನಿ ಅಕ್ಕ, ಬೋಣಿ ಟೈಮು’ ಎಂಬ ಕೂಗು ಕೇಳಿಸದೇ ಇದ್ದದ್ದಿಲ್ಲ. ಸೂರ್ಯ ಮುಳುಗುವ ಹೊತ್ತಿಗೂ ಅವರಿಗೆ ಬೋಣಿಯಾಗಿರುತ್ತಿರಲಿಲ್ಲ, ಅದು ಬೇರೆ ಮಾತು.

ಇಂಥವಳನ್ನು ದೇವರು ತಂದು ಜಪಾನಿನಲ್ಲಿ ಹಾಕಿದ. ಟೋಕಿಯೊದಲ್ಲಿ ಒಂದೊಂದು ಟೊಮೆಟೊಗೂ ಬೆಲೆಯ ಚೀಟಿ ಅಂಟಿಸಿರುತ್ತಾರೆ. ಚೀಟಿಯ ಜೊತೆ ಯಾರು ಮಾತಾಡುತ್ತಾರೆ? ನಮ್ಮ ಬೀದಿಯ ತರಕಾರಿ ಅಂಗಡಿಯ ಮುದುಕನಿಂದ ಕೊಸರು ಗಿಟ್ಟಿಸುವುದಕ್ಕೆ ನನಗೆ ಒಂದು ಚಳಿಗಾಲ ಪೂರ್ತಿ ಹಿಡಿಯಿತು. ಈಗ ಆತ ನನ್ನ ಮುಖ ಕಂಡರೆ ಸಾಕು, ಪ್ರೀತಿಯಿಂದಲೋ ಭಯದಿಂದಲೋ, ಒಂದೆಳೆ ಈರುಳ್ಳಿ ಸೊಪ್ಪನ್ನು ತಾನಾಗಿಯೇ ಚೀಲಕ್ಕೆ ತುರುಕುತ್ತಾನೆ. ಗಂಡನ ವೀಸಾಕ್ಕೆ ಬಾಲವಾಗಿ ಬಂದವಳು ನಾನು. ಸುಮ್ಮನೆ ಕೂರಲಾಗದೆ ದೋಸೆ ಹಿಟ್ಟು ರುಬ್ಬಿ ಮಾರತೊಡಗಿದೆ. ಮೊದಲು ನಮ್ಮ ಕಟ್ಟಡದ ಕನ್ನಡದವರು, ಆಮೇಲೆ ಅವರ ಆಫೀಸಿನವರು, ಕೊನೆಗೆ ಟೋಕಿಯೊದಾಚೆಯ ಕಾಶಿವಾ ಎಂಬ ಊರಿನಲ್ಲಿ ಸಂಶೋಧನೆ ಮಾಡುವ ಹುಡುಗರು ಕೂಡ ಟ್ರೈನು ಹಿಡಿದು ಬಂದು ಒಯ್ಯುವಂತಾಯಿತು. ಯಾರ ಶಿಫಾರಸೂ ಇಲ್ಲದೆ, ಒಂದು ಗ್ರೈಂಡರು ಮತ್ತು ಬಾಯಿಯ ಬಲದಿಂದ ಕಟ್ಟಿದ ವ್ಯಾಪಾರ ಅದು.

ಆ ವ್ಯಾಪಾರ ಆಗಷ್ಟೇ ಕಾಲೂರುತ್ತಿತ್ತು ಎನ್ನುವುದನ್ನು ನೆನಪಿಡಿ, ಯಾಕೆಂದರೆ ಅದೇ ಅಲುಗತೊಡಗಿತು. ಎರಡು ಸಾವಿರದ ಹನ್ನೊಂದರ ಭೂಕಂಪವಾದಾಗ ನಾವು ಟೋಕಿಯೊದಲ್ಲೇ ಇದ್ದೆವು. ನಮ್ಮ ಮನೆಯಲ್ಲಿ ಒಡೆದದ್ದು ಒಂದು ಉಪ್ಪಿನಕಾಯಿ ಜಾಡಿ ಮಾತ್ರ. ಆದರೆ ಮೈಸೂರಿನಲ್ಲಿ ದೊಡ್ಡ ಮಗನ ಮನೆಯಲ್ಲಿರುವ ನಮ್ಮ ಅತ್ತೆಯವರ ಟೀವಿಯಲ್ಲಿ ಇಡೀ ಜಪಾನು ದಿನಗಟ್ಟಲೆ ಅಲುಗುತ್ತಲೇ ಇತ್ತು. ಆಮೇಲಿನ ವರ್ಷಗಳಲ್ಲಿ ಅವರ ಒಂದೊಂದು ಫೋನೂ ‘ಗಂಟು ಕಟ್ಟೋದು ಯಾವಾಗ?’ ಎಂಬಲ್ಲಿಗೆ ಮುಗಿಯುತ್ತಿತ್ತು. ಕಡೆಗೆ ಯಜಮಾನರ ಕಂಪನಿಯೂ ಕೇಳಿತು, ಇಲ್ಲೇ ಮುಂದುವರಿಯುತ್ತೀರಾ, ವಾಪಸು ಹೋಗುತ್ತೀರಾ ಎಂದು. ಇವರು ಒಂದು ತೀರ್ಮಾನ ಮಾಡಿದರು: ‘ಅಮ್ಮ ಒಂದ್ಸಲ ಬಂದು ನೋಡ್ಲಿ. ಹ್ಞೂಂ ಅಂದ್ರೆ ಇರೋಣ, ಊಹೂಂ ಅಂದ್ರೆ ಹೊರಡೋಣ. ಇದರಲ್ಲಿ ನಿನ್ನ ಚೌಕಾಸಿ ಬೇಡ.’

ಅತ್ತೆ ಬಂದರು. ಟೋಕಿಯೊದ ನಮ್ಮ ಮನೆಯಲ್ಲಿ ಕೂತು ತೂಗುದೀಪವನ್ನೇ ನೋಡುತ್ತಾ ಅದು ಅಲುಗುವುದನ್ನು ಕಾದರು. ಹ್ಞೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅತ್ತೆಗೆ ಕ್ಯೋಟೋ ತೋರಿಸಬೇಕು, ಅಷ್ಟೊಂದು ದೇವಸ್ಥಾನ ನೋಡಿದರೆ ಮನಸ್ಸು ಕರಗೀತು ಎಂದು ನಾನೇ ಮುಂದಾಗಿ ಹೋಟೆಲು ಹುಡುಕಿದೆ. ಮೇಪಲ್ ಎಲೆ ಕೆಂಪಾಗುವ ಕಾಲ. ಊರಿಗೆ ಊರೇ ಭರ್ತಿ. ಎಲ್ಲರೂ ಕೈಬಿಟ್ಟ ಮೇಲೂ ಹುಡುಕುತ್ತಲೇ ಇರುವುದು ನನ್ನ ಜಾಯಮಾನ. ದೊಡ್ಡದೊಂದು ದೇವಸ್ಥಾನದ ಹಿಂದಿನ ಗಲ್ಲಿಯಲ್ಲಿ, ಎರಡು ಕಟ್ಟಡಗಳ ನಡುವೆ ಪುಸ್ತಕ ಸಿಕ್ಕಿಸಿದ ಹಾಗಿದ್ದ ಒಂದು ಅಗ್ಗದ ಹೋಟೆಲು ಸಿಕ್ಕಿತು.

ಕ್ಯೋಟೋದ ಬಸ್ಸಿನಲ್ಲಿ ಜನ ಸರಿದಾಡುವಾಗೆಲ್ಲ ‘ಸುಮಿಮಾಸೆನ್, ಸುಮಿಮಾಸೆನ್’ ಅನ್ನುತ್ತಿದ್ದರು. ಕ್ಷಮಿಸಿ, ಸ್ವಲ್ಪ ದಾರಿ ಬಿಡಿ ಎಂದು ಅದರ ಅರ್ಥ. ನನ್ನ ಹೆಸರು ಸುಮಾ, ಅತ್ತೆ ಕರೆಯುವುದು ಸುಮಿ ಎಂದು. ಅವರು ನನ್ನ ಕಿವಿಯಲ್ಲಿ, ‘ಅಲ್ವೇ ಸುಮಿ, ಹಿಟ್ಟು ಮಾರ್ತೀಯ ಅಂತ ಗೊತ್ತಿತ್ತು. ಈ ಊರಲ್ಲೂ ಎಲ್ರಿಗೂ ಪರಿಚಯವಾ?’ ಎಂದರು. ನಾನು ತಕ್ಷಣ ತಿದ್ದಲಿಲ್ಲ. ಸಿಕ್ಕ ಕೊಸರನ್ನು ಯಾರಾದರೂ ಬಿಡುತ್ತಾರೆಯೆ?

ಹೋಟೆಲಿನ ಕೌಂಟರಿನಲ್ಲಿ ನಡುವಯಸ್ಸಿನ ಒಬ್ಬರು ನಿಂತಿದ್ದರು. ಎದೆಯ ಮೇಲಿನ ಪಟ್ಟಿ ಓದಿ, ‘ಇವರು ಮೋರಿ-ಸಾನ್, ಅಂದ್ರೆ ಮೋರಿ ಅವರು, ಅಂತೆ ಅತ್ತೆ’ ಎಂದೆ.

‘ಮೋರೀನಾ? ಪಾಪ, ಹೆತ್ತೋರು ಏನು ನೋಡಿ ಇಟ್ರೋ.’

‘ಇವರ ಭಾಷೇಲಿ ಮೋರಿ ಅಂದ್ರೆ ಕಾಡು.’

‘ಅದು ಪರವಾಗಿಲ್ಲ’ ಎಂದು ಅತ್ತೆ ಅವರಿಗೆ ಕೈ ಮುಗಿದರು. ಮೋರಿ-ಸಾನ್ ಅದಕ್ಕಿಂತ ಕೆಳಗೆ ಬಾಗಿದರು. ಅಷ್ಟರಲ್ಲಿ ಯಜಮಾನರು, ಕಾಫಿಗೆ ಹಾಲು ತರುತ್ತೇನೆಂದು ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿ ಹುಡುಕಿಕೊಂಡು ಹೊರಟರು. ಜಪಾನಿಯರ ಜೊತೆ ಇಷ್ಟು ವರ್ಷ ಕೆಲಸ ಮಾಡಿದ ಮನುಷ್ಯ ಅಲ್ಲೇ ನಿಂತಿದ್ದರೆ ಮುಂದಿನದೊಂದೂ ಆಗುತ್ತಿರಲಿಲ್ಲ. ನನಗೆ ಬರುವುದು ತರಕಾರಿ ಅಂಗಡಿಯ ಜಪಾನಿ.

ನಮಗೆ ಕೊಟ್ಟದ್ದು ಐದನೆಯ ಮಹಡಿ, ಅದೇ ತುತ್ತತುದಿ. ಅತ್ತೆ ಅದನ್ನು ಕೇಳಿದವರೇ ಸೋಫಾದಲ್ಲಿ ಕೂತುಬಿಟ್ಟರು. ‘ನಾನು ಮೇಲೆ ಬರಲ್ಲ. ಭೂಮಿ ಅಲುಗಿದ್ರೆ ಅಲ್ಲಿಂದ ಎಲ್ಲಿಗೆ ಓಡ್ಲಿ? ನೆಲದ ಮೇಲೆ ಕೊಡಿಸು, ಇಲ್ದಿದ್ರೆ ನಾಳೇನೇ ನನ್ನನ್ನ ವಿಮಾನ ಹತ್ಸು. ಹಾಗೇ ನೀವೂ ಸಾಮಾನು ಕಟ್ಟಿ.’

ಗ್ರೈಂಡರು ನನ್ನ ಕಣ್ಣ ಮುಂದೆ ಬಂತು. ‘ನೀವು ಕೂತಿರಿ ಅತ್ತೆ, ನಾನು ಮಾತಾಡ್ತೀನಿ’ ಎಂದು ಸೆರಗು ಸಿಕ್ಕಿಸಿದೆ.

ನೆಲಮಹಡಿಯಲ್ಲಿ ಒಂದು ರೂಮು ಕೊಡಿ ಎಂದು ಕೇಳಿದೆ. ಮೋರಿ-ಸಾನ್ ಹಲ್ಲಿನ ಸಂದಿಯಿಂದ ಸ್ಸ್ ಎಂದು ಗಾಳಿ ಎಳೆದುಕೊಂಡರು, ತಲೆಯನ್ನು ಒಂದು ಕಡೆ ವಾಲಿಸಿದರು, ಬಹಳ ದುಃಖದಿಂದ ‘ಸೊರೆ ವಾ ಚೊತ್ತೊ…’ ಎಂದು ನಿಲ್ಲಿಸಿದರು. ಸೊರೆ ವಾ ಎಂದರೆ ‘ಅದು’. ಚೊತ್ತೊ ಎಂದರೆ ಸ್ವಲ್ಪ. ‘ಅದು ಸ್ವಲ್ಪ…’ ನನ್ನ ರಕ್ತದಲ್ಲಿ ಚಿಕ್ಕಪೇಟೆ ಎದ್ದು ಕೂತಿತು. ಬೆಲೆ ಹೇಳುವವನು ಸ್ವಲ್ಪ ಎಂದು ಬಾಯಿ ಬಿಟ್ಟನೆಂದರೆ ಇಳಿಯತೊಡಗಿದ ಎಂದೇ ಅರ್ಥ. ಅತ್ತೆಯ ಕಡೆ ತಿರುಗಿ, ‘ಸ್ವಲ್ಪ ಅಂತಿದಾರೆ, ಬಗ್ತಾರೆ’ ಎಂದೆ. ಅತ್ತೆ ಮೋರಿ-ಸಾನ್ ಮುಖವನ್ನೇ ನೋಡುತ್ತಿದ್ದರು.

ಎರಡನೆಯ ಸುತ್ತಿಗೆ ಅತ್ತೆಯ ಮಂಡಿನೋವನ್ನು ಮುಂದಿಟ್ಟೆ. ಚೊತ್ತೊ. ನಮ್ಮ ಪರಿಚಯದವರನ್ನೆಲ್ಲ ಇದೇ ಹೋಟೆಲಿಗೆ ಕಳಿಸುತ್ತೇನೆಂದು ಆಸೆ ತೋರಿಸಿದೆ. ಅವರ ಹುಬ್ಬು ಇನ್ನಷ್ಟು ಗಂಟಿಕ್ಕಿತು, ಗಾಳಿ ಇನ್ನಷ್ಟು ಉದ್ದಕ್ಕೆ ಒಳಗೆ ಹೋಯಿತು. ಚೊತ್ತೊ. ಮೂಲೆಯಲ್ಲಿ ಮುಚ್ಚಿದ ಬಾಗಿಲೊಂದು ಕಂಡಿತು. ಅದನ್ನು ಬೆರಳು ಮಾಡಿ ತೋರಿಸಿ, ಅದು ರೂಮಲ್ಲವೇ, ಯಾರಿಗೆ ಎತ್ತಿಟ್ಟಿದ್ದೀರಿ ಎಂದು ಕೇಳಿದೆ. ಅವರು ಬಾಗಿಲನ್ನು ನೋಡಿದರು, ನನ್ನನ್ನು ನೋಡಿದರು, ‘ಅರೆ ವಾ… ಚೊತ್ತೊ…’ ಎಂದರು, ಅಂದರೆ ‘ಅಗೋ ಅದು… ಸ್ವಲ್ಪ…’. ಮನುಷ್ಯ ಹಣ್ಣಾಗಿದ್ದಾನೆ, ಇನ್ನೊಂದು ನೂಕು ಸಾಕು ಎಂದು ನನಗೆ ಖಾತ್ರಿಯಾಯಿತು. ಹೊರಡುವ ಹೊತ್ತು ಬಂದಿತ್ತು.

‘ಏಳಿ ಅತ್ತೆ, ಹೋಗೋಣ’ ಎಂದು ಗಟ್ಟಿಯಾಗಿ ಹೇಳಿ, ‘ನಿಜವಾಗಿ ಅಲ್ಲ’ ಎಂದು ಮೆತ್ತಗೆ ಸೇರಿಸಿದೆ.

‘ನೀನು ಹೋಗಮ್ಮ, ನಾನು ಇಲ್ಲೇ ಇರ್ತೀನಿ’ ಎಂದರು ಅತ್ತೆ.

ಶಸ್ತ್ರ ಎತ್ತಿದ ಮೇಲೆ ಇಳಿಸುವಂತಿಲ್ಲ. ಇದ್ದಬದ್ದ ಬ್ಯಾಗನ್ನೆಲ್ಲ ನಾನೊಬ್ಬಳೇ ಹೇರಿಕೊಂಡು ಬಾಗಿಲ ಕಡೆ ನಡೆದೆ. ಮೋರಿ-ಸಾನ್ ಕೌಂಟರಿನಿಂದ ಓಡಿ ಬಂದರು. ಬಂದರಲ್ಲ ದಾರಿಗೆ ಎಂದುಕೊಂಡೆ. ಅವರು ಬಾಗಿಲ ಹತ್ತಿರ ನಿಂತು, ಸೊಂಟದವರೆಗೆ ಬಾಗಿ, ಅರಿಗಾತೋ ಗೊಜಾಯಿಮಾಸ್, ತುಂಬಾ ಧನ್ಯವಾದ, ದಯವಿಟ್ಟು ಹುಷಾರಾಗಿ ಹೋಗಿ ಎಂದು ಹೇಳಿ, ನಾನು ಹೊರಗಿಳಿಯುವವರೆಗೂ ತಲೆಯೆತ್ತಲಿಲ್ಲ. ಗಾಜಿನ ಬಾಗಿಲು ತಾನೇ ಮುಚ್ಚಿಕೊಂಡಿತು.

ಬೀದಿಯಲ್ಲಿ ನಿಂತೆ. ಕರೆಯುವುದಕ್ಕೆ ಅವಕಾಶವಾಗಲೆಂದು ಒಂದಿಷ್ಟು ನಿಧಾನವಾಗಿ ನಡೆದೆ. ಆಮೇಲೆ ಇನ್ನೂ ನಿಧಾನವಾಗಿ ವಾಪಸು ಬಂದೆ. ಹಿಂದಿನಿಂದ ಯಾರೂ ಕೂಗಲಿಲ್ಲ. ಸೈಕಲ್ಲಿನಲ್ಲಿ ಹೋಗುತ್ತಿದ್ದ ಅಜ್ಜಿಯೊಬ್ಬರು ‘ಸುಮಿಮಾಸೆನ್’ ಎಂದರು, ದಾರಿಗೆ ಅಡ್ಡ ನಿಂತಿದ್ದೆ. ಅಷ್ಟರಲ್ಲಿ ಯಜಮಾನರು ಹಾಲಿನ ಡಬ್ಬ ಹಿಡಿದು ಬಂದರು.

‘ಹೊರಗೆ ಏನು ಮಾಡ್ತಿದ್ದೀಯ?’

‘ಚೌಕಾಸಿ.’

ಅವರು ಗಲ್ಲಿಯ ಆ ತುದಿ ನೋಡಿದರು, ಈ ತುದಿ ನೋಡಿದರು. ‘ಯಾರ ಜೊತೆ?’

ಇಬ್ಬರೂ ಒಳಗೆ ಹೋದೆವು. ಅತ್ತೆ ಸೋಫಾದಲ್ಲಿ ಹಸಿರು ಚಹಾ ಕುಡಿಯುತ್ತಾ ಕೂತಿದ್ದರು, ಮಂಡಿಯ ಮೇಲೆ ಯಾರೋ ಹೊದಿಸಿದ ಒಂದು ಶಾಲು. ನನ್ನನ್ನು ಕಂಡು, ‘ಬಂದ್ಯಾ? ಅವರು ಮೊದಲನೇ ಸಲವೇ ಇಲ್ಲ ಅಂದ್ರಲ್ಲೇ’ ಎಂದರು.

‘ಇಲ್ಲ ಅಂತ ಎಲ್ಲಂದ್ರು? ಸ್ವಲ್ಪ ಅಂದ್ರು.’

‘ನಿಂಗೆ ಭಾಷೆ ಬರತ್ತೆ, ಅದಕ್ಕೇ ತಿಳೀಲಿಲ್ಲ. ನಿನ್ನ ನಾದಿನಿ ಲಲಿತನ್ನ ಹೆಣ್ಣು ನೋಡಕ್ಕೆ ಬಂದೋರು ಉಪ್ಪಿಟ್ಟು, ಕೇಸರಿಬಾತು ಎಲ್ಲ ತಿಂದು, ಊರಿಗೆ ಹೋಗಿ ಕಾಗದ ಹಾಕ್ತೀವಿ ಅಂದ್ರು ನೋಡು, ಅವರ ಮುಖ ಥೇಟ್ ಹೀಗೇ ಇತ್ತು. ನಾನು ಆವತ್ತೇ ಬೇರೆ ಗಂಡು ಹುಡುಕಕ್ಕೆ ಹೇಳಿದ್ದೆ.’

ಯಜಮಾನರು ಹಾಲಿನ ಡಬ್ಬ ಕೆಳಗಿಟ್ಟು ನಕ್ಕರು. ಚೊತ್ತೊ ಎಂದು ಹೇಳಿ ಮಾತು ಅರ್ಧಕ್ಕೆ ಬಿಟ್ಟರೆ ಅದು ಜಪಾನಿನ ‘ಇಲ್ಲ’ವಂತೆ, ಅವರ ಆಫೀಸಿನಲ್ಲಿ ಎಂಥೆಂಥ ದೊಡ್ಡ ಯೋಜನೆಗಳು ಒಂದೇ ಒಂದು ಚೊತ್ತೊಗೆ ಬಿದ್ದುಹೋಗಿವೆಯಂತೆ. ನಾನು ಮೋರಿ-ಸಾನ್ ಬಳಿ ಹೋಗಿ ಸುಮಿಮಾಸೆನ್ ಎಂದೆ. ಅವರಿಗೂ ನನ್ನನ್ನು ಅನುಮಾನದಲ್ಲಿ ಬಿಡುವುದು ಕಷ್ಟವಾಗಿರಬೇಕು. ಮೂಲೆಯ ಆ ಬಾಗಿಲನ್ನು ತಾವೇ ತೆರೆದು ತೋರಿಸಿದರು. ಒಳಗೆ ಎರಡು ವಾಷಿಂಗ್ ಮೆಷಿನ್ನು, ಒಂದರಲ್ಲಿ ಯಾರದೋ ಕಾಲುಚೀಲ ಗಿರಗಿರ ತಿರುಗುತ್ತಿತ್ತು. ಆ ರೂಮಿಗಾಗಿ ನಾನು ಬೀದಿಗಿಳಿದಿದ್ದೆ.

ಆದರೆ ಅತ್ತೆ ಇನ್ನೂ ಕೂತೇ ಇದ್ದರಲ್ಲ. ಭಯ ಎನ್ನುವುದು ವಾಷಿಂಗ್ ಮೆಷಿನ್ನು ನೋಡಿದರೆ ಹೋಗುವಂಥದ್ದಲ್ಲ. ನಾವಿಬ್ಬರೂ ಅತ್ತಿತ್ತ ಕೂತು, ಏನೂ ಆಗಲ್ಲ ಬನ್ನಿ, ಕ್ಯೋಟೋದಲ್ಲಿ ಏನೂ ಆಗಲ್ಲ ಎಂದು ಶುರುಮಾಡಿದೆವು. ಮೋರಿ-ಸಾನ್ ಯಜಮಾನರನ್ನು ಕರೆದು ವಿಷಯವೇನೆಂದು ಕೇಳಿದರು. ಕೇಳಿದವರು ಏನೂ ಆಗಲ್ಲ ಎನ್ನಲಿಲ್ಲ. ಒಂದು ಟಾರ್ಚು ತಂದರು, ಅತ್ತೆಯನ್ನು ಲಿಫ್ಟಿನಲ್ಲಿ ಮೇಲೆ ಕರೆದುಕೊಂಡು ಹೋಗಿ ರೂಮಿನ ಬಾಗಿಲು ತೋರಿಸಿದರು, ಟಾರ್ಚನ್ನು ಹಾಸಿಗೆಯ ಪಕ್ಕದ ಮೊಳೆಗೆ ನೇತುಹಾಕಿದರು. ಅಲ್ಲಿಂದ ಹೊರಗಿನ ಕಬ್ಬಿಣದ ಮೆಟ್ಟಿಲು. ತಾವು ಒಂದು ಮೆಟ್ಟಿಲು ಮುಂದೆ, ಅತ್ತೆ ಕಂಬಿ ಹಿಡಿದು ಹಿಂದೆ, ಒಂದೊಂದಾಗಿ ಇಳಿಸಿ, ಗಲ್ಲಿ ದಾಟಿಸಿ, ದೇವಸ್ಥಾನದ ಬಯಲಿನಲ್ಲಿ ನಿಲ್ಲಿಸಿ, ಜನ ಬಂದು ಸೇರುವುದು ಇಲ್ಲೇ ಎಂದು ನೆಲ ತೋರಿಸಿದರು. ಅತ್ತೆ ಕನ್ನಡದಲ್ಲಿ ಕೇಳಿದರು, ‘ಆಗ ನೀವೂ ಇಲ್ಲಿಗೇ ಬರ್ತೀರಾ?’ ಮೋರಿ-ಸಾನ್ ಜಪಾನಿಯಲ್ಲಿ, ನಾನು ಎಲ್ಲರನ್ನೂ ಇಳಿಸಿ ಕೊನೆಗೆ ಬರುತ್ತೇನೆ ಎಂದರು. ಯಾರೂ ಯಾರಿಗೂ ಅನುವಾದ ಮಾಡಿರಲಿಲ್ಲ.

ಅತ್ತೆ ಐದನೆಯ ಮಹಡಿಗೆ ಬಂದರು. ರೂಮಿನಲ್ಲಿದ್ದದ್ದು ಒಂದರ ಮೇಲೊಂದು ಮಂಚ, ಪಕ್ಕದಲ್ಲಿ ಎಳೆದು ಬಿಡಿಸುವ ಹಾಸಿಗೆ. ಕೆಳಗಿನ ಮಂಚದಲ್ಲಿ ಅತ್ತೆ ಕಾಲು ಚಾಚಿದರೋ ಇಲ್ಲವೋ, ಎಲ್ಲ ಗಡಗಡ ಅಲುಗಿತು. ಅತ್ತೆಯ ಕೈ ಟಾರ್ಚಿಗೆ ಹೋಯಿತು.

‘ಅತ್ತೆ, ಅದು ನಿಮ್ಮ ಮಗ. ಏಣಿ ಹತ್ತುತಾ ಇದಾರೆ.’

ಅತ್ತೆ ಕೈ ತೆಗೆದು, ಮೇಲಿನ ಹಲಗೆ ನೋಡುತ್ತಾ, ‘ಹೊಟ್ಟೇಲಿದ್ದಾಗ ಇದಕ್ಕಿಂತ ಜಾಸ್ತಿ ಅಲುಗಿಸ್ತಿದ್ದ’ ಎಂದು ಮಗ್ಗುಲಾದರು.

ಮರುದಿನ ತಿಂಡಿಯ ಹೊತ್ತಿಗೆ ಯಜಮಾನರು ಗಂಟಲು ಸರಿಮಾಡಿಕೊಂಡು, ‘ಅಮ್ಮ, ಆಫೀಸಿಗೆ ಉತ್ತರ ಹೇಳ್ಬೇಕು’ ಎಂದರು. ನಾನು ಆಸ್ಪತ್ರೆ, ರೈಲು, ಗಾಳಿ, ನೀರು ಎಂದು ಒಂದು ಭಾಷಣವನ್ನೇ ತಯಾರು ಮಾಡಿಕೊಂಡಿದ್ದೆ. ಅತ್ತೆ ಬ್ರೆಡ್ಡಿಗೆ ಚಟ್ನಿಪುಡಿ ಉದುರಿಸುತ್ತಾ, ‘ಇಲ್ಲೇ ಇರಿ’ ಎಂದರು. ‘ಫೋನ್ ಮಾಡಿದಾಗೆಲ್ಲ ನೀವಿಬ್ರೂ ಏನೂ ಆಗಲ್ಲ, ಏನೂ ಆಗಲ್ಲ ಅಂತಿದ್ರಿ. ಅದನ್ನ ಕೇಳಿ ಕೇಳಿಯೇ ನಂಗೆ ಹೆದರಿಕೆ. ಈ ಮನುಷ್ಯ, ಆದ್ರೆ ಏನು ಮಾಡ್ಬೇಕು ಅಂತ ತೋರಿಸ್ದ. ಇಂಥೋರ ಮಧ್ಯೆ ಇದ್ರೆ ನಾನೂ ಮೈಸೂರಲ್ಲಿ ನಿದ್ದೆ ಮಾಡ್ಬಹುದು. ಆದ್ರೆ ಒಂದು ಮಾತು. ಇನ್ಮೇಲೆ ಹೋಟೆಲಿಗೆ ಹೋದಾಗ ಕೌಂಟರ್ ಹತ್ರ ನಾನು ನಿಲ್ತೀನಿ. ಇವಳು ಬ್ಯಾಗ್ ನೋಡ್ಕೊಂಡು ಕೂತಿರ್ಲಿ.’

ಈ ಷರತ್ತನ್ನು ಅರ್ಧಕ್ಕಾದರೂ ಇಳಿಸಬೇಕೆಂದು ಬಾಯಿ ತೆರೆದೆ. ಟೋಕಿಯೊದ ಅಡುಗೆಮನೆಯಲ್ಲಿ ನೆನೆಹಾಕಬೇಕಾದ ಅಕ್ಕಿ, ಉದ್ದು ನೆನಪಾಗಿ ಮುಚ್ಚಿದೆ.

ಅಂದಿನಿಂದ ಅತ್ತೆ ಬಂದಾಗಲೆಲ್ಲ ಎಲ್ಲಿಗಾದರೂ ಹೋಗುತ್ತೇವೆ. ಅವರು ಕೌಂಟರಿನಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ, ಹೇಗೋ ಒಳ್ಳೆಯ ರೂಮೇ ಸಿಗುತ್ತದೆ. ನಾನು ಬ್ಯಾಗು ಕಾಯುತ್ತೇನೆ. ಜಪಾನಿನಲ್ಲಿ ಬ್ಯಾಗು ಯಾರು ಕದಿಯುತ್ತಾರೆ ಎಂದು ಯಜಮಾನರು ನಗುತ್ತಾರೆ, ಆದರೆ ಕಾಯುವುದಕ್ಕೂ ಒಂದು ಕ್ರಮವಿದೆ. ದೊಡ್ಡದನ್ನು ಗೋಡೆಗೆ ಒತ್ತಿಟ್ಟು, ಚಿಕ್ಕದರ ಹಿಡಿಯೊಳಗೆ ಕಾಲು ತೂರಿಸಿ, ಪಾಸ್‌ಪೋರ್ಟಿನ ಚೀಲವನ್ನು ಬೆನ್ನಿಗೂ ಸೋಫಾಕ್ಕೂ ನಡುವೆ ಇಟ್ಟುಕೊಂಡು ಕೂರಬೇಕು. ಮೊನ್ನೆ ಒಕಾಜಾಕಿ ಎಂಬ ಊರಿನ ಹೋಟೆಲಿನಲ್ಲಿ ಬ್ಯಾಗನ್ನು ಎಲ್ಲೆಂದರಲ್ಲಿ ಬಿಟ್ಟು ಕೂತಿದ್ದ ಒಬ್ಬ ಹಿರಿಯರಿಗೆ ಇದನ್ನೆಲ್ಲ ಸನ್ನೆ ಮಾಡಿ ವಿವರವಾಗಿ ತಿಳಿಸಿಕೊಟ್ಟೆ. ಅವರು ಬಹಳ ಗೌರವದಿಂದ ತಲೆಯಾಡಿಸುತ್ತಾ ಕೇಳಿದರು. ಆಮೇಲೆ ಎದ್ದು, ಬಾಗಿ ನಮಸ್ಕರಿಸಿ, ಬ್ಯಾಗು ತೆಗೆದುಕೊಂಡು ಬೇರೆ ಸೋಫಾಕ್ಕೆ ಹೋಗಿ ಕೂತರು.