ಔಟ್‌ಫೀಲ್ಡರನಿಗೆ ದೃಷ್ಟಿ ತೆಗೆದದ್ದು

ಎಲ್ಲವನ್ನೂ ಬರೆದಿಡುವ ಚಟ ಇರುವವನಿಗೆ ಒಂದು ತೊಂದರೆ ಉಂಟು. ಎರಡು ಸಂಗತಿಗಳು ಒಂದೇ ಪುಟದಲ್ಲಿ ಕಂಡರೆ ಸಾಕು, ಅವಕ್ಕೆ ಸಂಬಂಧ ಕಲ್ಪಿಸದೆ ಅವನು ಇರಲಾರ. ನನ್ನ ಡೈರಿಯಲ್ಲಿ ಹಾಲು ಒಡೆದ ದಿನಗಳಿವೆ, ಅಮೆರಿಕದ ಡಲ್ಲಾಸ್ ಪಕ್ಕದ ಲೂಯಿಸ್‌ವಿಲ್‌ನಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಏಸಿ ಕೆಟ್ಟ ದಿನಗಳಿವೆ. ಇಲ್ಲಿಗೆ ಬಂದ ಮೊದಲ ಬೇಸಿಗೆಯಿಂದ ಒಬ್ಬ ಬೇಸ್‌ಬಾಲ್ ಆಟಗಾರನ ಗಾಯಗಳೂ ಇವೆ.

ಅವನು ಔಟ್‌ಫೀಲ್ಡರ್. ಎಂದರೆ, ನಮ್ಮ ಕ್ರಿಕೆಟ್ಟಿನಲ್ಲಿ ಬೌಂಡರಿ ಹತ್ತಿರ ನಿಂತವನ ಹಾಗೆ, ಮೇಲೆ ಹೋದ ಚೆಂಡಿಗಾಗಿ ದೂರದಲ್ಲಿ ಕಾಯುವವನು. ಲಾಂಡ್ರಿ ರೂಮಿನ ಟಿವಿಯಲ್ಲಿ ಮೊದಲ ಸಲ ಕಂಡಾಗ ಅವನು ಬೆನ್ನು ತಿರುಗಿಸಿ ಓಡಿ, ನೋಡದೆಯೇ ಎಂಬಂತೆ ಚೆಂಡು ಹಿಡಿದು, ಗೋಡೆಗೆ ಹಾಯ್ದು ಬಿದ್ದ. ನನ್ನ ಡ್ರೈಯರ್ ನಿಂತದ್ದೂ ನನಗೆ ತಿಳಿಯಲಿಲ್ಲ. ಇವನನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಟಿಕೆಟ್ ಕೊಂಡೆ. ಅದೇ ವಾರ ತೊಡೆಯ ಸ್ನಾಯು ಹಿಡಿದುಕೊಂಡು ಅವನು ಮನೆ ಸೇರಿದ. ಎರಡನೆಯ ಟಿಕೆಟ್ಟಿಗೆ ಭುಜ ಜಾರಿತು. ಮೂರನೆಯದಕ್ಕೆ, ಗೆದ್ದ ಖುಷಿಯಲ್ಲಿ ಜೊತೆಯವನ ಅಂಗೈಗೆ ಅಂಗೈ ತಟ್ಟಲು ಹೋಗಿ ಮಣಿಕಟ್ಟು ಉಳುಕಿತು. ಒಂದು ಮೈಯಲ್ಲಿ ಕೆಡಲು ಇಷ್ಟೊಂದು ಜಾಗಗಳಿವೆಯೇ ಎಂದು ಲೈಬ್ರರಿಯಿಂದ ಅಂಗರಚನೆಯ ಪುಸ್ತಕ ತಂದು ಓದಿದೆ.

ನಾಲ್ಕನೆಯ ಟಿಕೆಟ್ ಕೊಳ್ಳುವ ಹೊತ್ತಿಗೆ ವಿಷಯ ಗಂಭೀರವಾಗಿತ್ತು. ಅವನ ಒಪ್ಪಂದ ಆ ವರ್ಷಕ್ಕೆ ಮುಗಿಯುತ್ತಿತ್ತು. ಇನ್ನೊಮ್ಮೆ ಬಿದ್ದರೆ ತಂಡ ಅವನನ್ನು ಇಟ್ಟುಕೊಳ್ಳುವುದಿಲ್ಲವೆಂದು ಪತ್ರಿಕೆಯಲ್ಲಿ ಬಂದಿತ್ತು. ರೂಮ್‌ಮೇಟ್ ರಘು ನನ್ನ ಡೈರಿ ತಿರುವಿಹಾಕಿ, "ಲೋ, ಅವನ ಮೈ ಸರಿಯಾಗೇ ಇದೆ ಕಣೋ, ನೀನೇ ಅವನಿಗೆ ಅಂಟಿರೋ ಶನಿ. ಆಟದ ದಿನ ಮನೇಲಿ ಬಿದ್ಕೊ. ಪಾಪ, ಅವನ ಕೆಲಸ ಉಳೀಲಿ" ಎಂದ.

ಕೆಳಗಿನ ಮನೆಯ, ಮೈಸೂರಿನ ವಸಂತಾ ಆಂಟಿ ಮಾತ್ರ ನನ್ನ ಪಕ್ಷ. "ನಿಂದೇನೂ ತಪ್ಪಿಲ್ಲಪ್ಪ. ಅಷ್ಟು ಸಾವಿರ ಜನ ಕಣ್ಣು ಬಿಟ್ಕೊಂಡು ನೋಡ್ತಾರೆ, ದೃಷ್ಟಿ ತೆಗೆಯೋರು ಒಬ್ರಾದ್ರೂ ಬೇಡ್ವಾ? ಫೋಟೋ ಇದ್ರೆ ತಾ" ಎಂದರು. ಪತ್ರಿಕೆಯಿಂದ ಕತ್ತರಿಸಿಟ್ಟಿದ್ದ ಚಿತ್ರ ಹಿಡಿದು ಅವರ ಅಡುಗೆಮನೆಯಲ್ಲಿ ನಿಂತೆ. ಆಂಟಿ ಕಲ್ಲುಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದರು.

"ಎಲ್ಲೆಲ್ಲಿ ಪೆಟ್ಟಾಗಿದೆ ಅಂದೆ?"

"ಎಡಗಾಲು, ಬಲಭುಜ, ಎಡಗೈ."

"ಅಯ್ಯೋ, ಹಾಗಾದ್ರೆ ಇಷ್ಟು ಮೆಣಸಿನಕಾಯಿ ಸಾಲಲ್ಲ!"

ಇನ್ನೊಂದು ಹಿಡಿ ಸೇರಿಸಿ, ಚಿತ್ರಕ್ಕೆ ಮೂರು ಸುತ್ತು ನಿವಾಳಿಸಿ, ಕಾದ ಬಾಣಲೆಗೆ ಹಾಕಿದರು. ಘಾಟು ಏಳುತ್ತಿದ್ದಂತೆ ಚಾವಣಿಯ ಸ್ಮೋಕ್ ಅಲಾರ್ಮ್ ಕಿರುಚಿಕೊಂಡಿತು. ನಾನು ಕೆಮ್ಮುತ್ತಾ ಕುರ್ಚಿ ಹತ್ತಿ, ಔಟ್‌ಫೀಲ್ಡರನಂತೆ ಕೈ ಚಾಚಿ ಹಾರಿದೆ. ಅಲಾರ್ಮ್ ಸಿಕ್ಕಿತು. ಇಳಿಯುವಾಗ ಕುರ್ಚಿ ಸಿಗಲಿಲ್ಲ.

ಆಟದ ದಿನ ನನ್ನ ಟಿಕೆಟ್ಟಿನಲ್ಲಿ ರಘು ಹೋದ. ನಾನು ಉಳುಕಿದ ಪಾದವನ್ನು ದಿಂಬಿನ ಮೇಲಿಟ್ಟುಕೊಂಡು ಆಂಟಿಯ ಸೋಫಾದಲ್ಲಿ ಕುಳಿತು ಟಿವಿ ನೋಡಿದೆ. ನಮ್ಮ ಆಟಗಾರ ಪೂರ್ತಿ ಒಂಬತ್ತು ಇನ್ನಿಂಗ್ಸ್ ಆಡಿದ. ಒಮ್ಮೆ ಗೋಡೆಗೆ ಹಾಯ್ದು ಚೆಂಡು ಹಿಡಿದವನು, ಏನೂ ಆಗದವನಂತೆ ಎದ್ದು ಪ್ಯಾಂಟಿನ ಮಣ್ಣು ಕೊಡವಿಕೊಂಡ. "ನೋಡ್ದ್ಯಾ, ನನ್ನ ಮೆಣಸಿನಕಾಯಿ!" ಎಂದು ಆಂಟಿ ಚಪ್ಪಾಳೆ ತಟ್ಟಿದರು. ನಾನು ಡೈರಿ ತೆಗೆದೆ. ನಾಲ್ಕು ಟಿಕೆಟ್, ನಾಲ್ಕು ಗಾಯ. ಲೆಕ್ಕ ಎಲ್ಲೂ ತಪ್ಪಿರಲಿಲ್ಲ. ಗಾಯ ಯಾರಿಗೆ ಎಂಬ ಕಾಲಮ್ಮು ಹಾಕುವುದನ್ನು ಮಾತ್ರ ಮರೆತಿದ್ದೆ.