ನಮ್ಮ ಅಡುಗೆಕಟ್ಟೆಗೆ ಕೊಟೇಷನ್ ಕೊಟ್ಟ ಮೂವರು ಗುತ್ತಿಗೆದಾರರಿಗೆ

ಮಾನ್ಯರೇ,

ಸುತ್ತಿಗೆ ಹಿಡಿದ ತಮ್ಮ ಮೂವರ ಕೈಗಳಿಗೂ ನಮ್ಮ ಮನೆಯವರೆಲ್ಲರ ಸವಿನಯ ನಮಸ್ಕಾರಗಳು. ಅಡುಗೆಕಟ್ಟೆಗೆ ಹೊಸ ಗ್ರಾನೈಟ್ ಹಾಕಿಸಲು ತಾವು ದಯಪಾಲಿಸಿದ ಕೊಟೇಷನ್‌ಗಳನ್ನು ಅಕ್ಕಪಕ್ಕ ಇಟ್ಟು ಓದಿದ ಮೇಲೆ ಈ ಬಹಿರಂಗ ಪತ್ರ ಬರೆಯದೆ ಗತಿಯಿಲ್ಲವೆನಿಸಿತು.

ಮೊದಲು ಬಂದ ಹಿರಿಯರು, ಹಳೆಯ ಕಲ್ಲಿನ ದಪ್ಪ ತಿಳಿಯದೆ ದರ ಹೇಳುವುದು ವೃತ್ತಿಧರ್ಮವಲ್ಲವೆಂದು ಅದರ ಮೂಲೆ ಒಡೆದು ನೋಡಿದರು. ಎರಡನೆಯವರು "ಇದನ್ನ ಯಾರು ಸಾರ್ ಕಟ್ಟಿದ್ದು?" ಎಂದು ಮರುಗಿ, ಒಳಗಿನ ಇಟ್ಟಿಗೆ ಪರೀಕ್ಷಿಸಲು ಅರ್ಧ ಕಟ್ಟೆ ಕೆಡವಿದರು. ಉಳಿದರ್ಧವನ್ನು ಮೂರನೆಯವರು ಸುಮ್ಮನೆ ತಟ್ಟಿದರಷ್ಟೆ. ಹೀಗೆ ಯಾರಿಗೂ ಕೆಲಸ ವಹಿಸುವ ಮುನ್ನವೇ ಕಟ್ಟೆ ನೆಲಸಮವಾಗಿದ್ದರೂ, ಅದನ್ನು ಕೆಡವುವ ಖರ್ಚನ್ನು ಮೂವರೂ ಮರೆಯದೆ ಸೇರಿಸಿದ್ದೀರಿ. ಮೂರು ಕಡೆ ವಿಚಾರಿಸಿ ನೋಡಬೇಕೆಂಬ ಜಾಣತನ ನನ್ನದೇ. ನಾಲ್ಕನೆಯವರನ್ನೂ ಕರೆದಿದ್ದರೆ ಗೋಡೆಯೂ ಉಳಿಯುತ್ತಿರಲಿಲ್ಲ.

ಅಡುಗೆಮನೆ ಒಂದೇ ಆದರೂ ಉದ್ದ ಮೂರು ಥರ. ಹೆಜ್ಜೆ ಹಾಕಿ ಅಳೆದವರ ಪ್ರಕಾರ ನಮ್ಮ ಕಟ್ಟೆ ಗೋಡೆ ದಾಟಿ ಪಕ್ಕದ ಮನೆಯವರ ಮಲಗುವ ಕೋಣೆ ಸೇರುತ್ತದೆ. ಅಷ್ಟು ಕಲ್ಲಿಗೆ ದರ ಹಾಕಿರುವುದರಿಂದ ಅಷ್ಟು ಅಡುಗೆಮನೆಯನ್ನೂ ಜೊತೆಗೇ ತಂದುಕೊಡಬೇಕೆಂದು, ಇಲ್ಲವಾದರೆ ಪಕ್ಕದವರ ಮಂಚ ಸರಿಸುವ ಮಾತನ್ನು ತಾವೇ ಆಡಬೇಕೆಂದು ಪ್ರಾರ್ಥನೆ.

ಇಷ್ಟಕ್ಕೂ ನಾವು ಕಲ್ಲು ಬದಲಿಸಹೊರಟಿದ್ದು ಹೊಳಪಿಗಲ್ಲ. ಕುಳ್ಳಗಿರುವ ನನ್ನ ಅಮ್ಮ ಈ ಮನೆಗೆ ಬಂದಾಗಿನಿಂದ ಮಣೆಯ ಮೇಲೆ ನಿಂತೇ ಅಡುಗೆ ಮಾಡಿದವರು. ಈಚೆಗೆ ಮಣೆ ಜಾರಿ ಬಿದ್ದು ಸೊಂಟ ಉಳುಕಿಸಿಕೊಂಡರು. "ನಾಲ್ಕು ಬೆರಳು ಕೆಳಗಿರಲಿ ಕಣಪ್ಪಾ" ಎಂದು ತಮಗೆ ಒಬ್ಬೊಬ್ಬರಿಗೂ ಹೇಳಿದರು. ಕಲ್ಲಿನ ಬಣ್ಣ, ಅಂಚಿನ ದುಂಡು, ನಾವು ಕೊಟ್ಟ ಚಹಾದಲ್ಲಿ ಸಕ್ಕರೆ ಕಡಿಮೆಯಾದದ್ದು, ಎಲ್ಲವನ್ನೂ ಗಮನಿಸಿದ ತಾವು ಅದೊಂದನ್ನು ಮಾತ್ರ ಒಮ್ಮತದಿಂದ ಕೈಬಿಟ್ಟಿದ್ದೀರಿ. ಇದನ್ನು ಬರೆಯುವಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತಿದೆ.

ಕಟ್ಟೆಯಿಲ್ಲದ ಕಾರಣ ಒಲೆಯನ್ನು ನನ್ನ ಬರೆಯುವ ಮೇಜಿನ ಮೇಲೆ ಇಟ್ಟೆವು. ಅದು ಸರಿಯಾಗಿ ನಾಲ್ಕು ಬೆರಳು ಕೆಳಗಿದೆ. ಅಮ್ಮ ಈಗ ಎರಡೂ ಪಾದ ನೆಲಕ್ಕೆ ಊರಿ ನಿಂತು ಒಗ್ಗರಣೆ ಹಾಕುತ್ತಾರೆ, ಏನೋ ಗುನುಗುತ್ತಾರೆ. ಮೇಜು ವಾಪಸ್ ಕೇಳಿದರೆ ಅವರಿಗೆ ಕಿವಿ ಕೇಳಿಸುವುದಿಲ್ಲ. ಆದಕಾರಣ ತಮ್ಮ ಕೊಟೇಷನ್‌ಗಳನ್ನು ಮಡಿಸಿ, ಮೇಜಿನ ಅಲುಗಾಡುವ ಕಾಲಿನ ಕೆಳಗೆ ಗೌರವಪೂರ್ವಕವಾಗಿ ಇರಿಸಲಾಗಿದೆ. ಮೂರೂ ಸೇರಿದಾಗಲೇ ಅಳತೆ ಸರಿಯಾಗಿ ಕೂತಿತು.

ವಾಷಿಂಗ್ ಮಷೀನಿನ ಮೇಲೆ ಹಾಳೆ ಇಟ್ಟು ಬರೆಯುತ್ತಿರುವ,
ತಮ್ಮ ವಿಶ್ವಾಸಿ

ವಿ.ಸೂ.: ಮತ್ತೆ ಬರುವುದಾದರೆ ಸುತ್ತಿಗೆ ಹೊರಗಿಟ್ಟು ಬಂದು, ಮೊದಲು ಅಮ್ಮನ ಎತ್ತರ ಅಳೆಯಿರಿ. ತಮ್ಮ ದರ ಕೇಳುವ ಮುನ್ನ ತಮ್ಮ ಮೂವರ ಮೊಣಕಾಲು ಎಷ್ಟು ಗಟ್ಟಿಯೆಂದು ಲಟ್ಟಣಿಗೆಯಿಂದ ತಟ್ಟಿ ನೋಡುವ ಅಪೇಕ್ಷೆ ಅವರಿಗಿದೆ. ಇದೂ ವೃತ್ತಿಧರ್ಮವೇ ಎಂದು ತಿಳಿಸಲು ಹೇಳಿದ್ದಾರೆ.