ಮಾವನವರ ಪುಸ್ತಕಗಳನ್ನು ನಾನು ವಿಲೇವಾರಿ ಮಾಡಿದ್ದು

ಪುಸ್ತಕಗಳ ವಿಷಯದಲ್ಲಿ ನನ್ನನ್ನು ಮೀರಿಸುವವರು ನಮ್ಮ ಬೀಗರ ಪೈಕಿ ಯಾರೂ ಇಲ್ಲವೆಂದು ನಾನು ನಂಬಿದ್ದೆ. ಕೊಪ್ಪಳದಲ್ಲಿ ಕನ್ನಡ ಮಾಸ್ತರಿಕೆ ಮಾಡಿ ನಿವೃತ್ತನಾದವನು ನಾನು. ಹೀಗಾಗಿ ಗಂಗಾವತಿಯಲ್ಲಿ ಮಾವನವರು ತೀರಿಕೊಂಡು, ಅವರ ಕೋಣೆ ತುಂಬ ಪುಸ್ತಕಗಳು ಉಳಿದಾಗ, "ಅದರ ಚಿಂತಿ ಬಿಡ್ರಿ, ನಾ ಅದೀನಿ" ಎಂದು ಎದೆ ತಟ್ಟಿಕೊಂಡೆ. ಅಳುತ್ತಿದ್ದವರೆಲ್ಲ ಅಳು ನಿಲ್ಲಿಸಿ ನನ್ನ ಕಡೆ ನೋಡಿದರು. ಅದನ್ನು ನಾನು ಮೆಚ್ಚುಗೆ ಎಂದುಕೊಂಡೆ!

ಮಾವನವರು ಸಿಕ್ಕದ್ದನ್ನೆಲ್ಲ ಓದುವವರು. ಕೊಲೆಯ ಕಾದಂಬರಿಯ ಪಕ್ಕದಲ್ಲೇ ಶಾಸನಗಳ ಸಂಶೋಧನೆ. ಅವುಗಳ ನಡುವೆ ಅವರೇ ಬರೆದ ಮನೆತನದ ಇತಿಹಾಸ. ಟೈಪು ಮಾಡಿಸಿ ಬೈಂಡು ಹಾಕಿಸಿದ್ದು, ಇದ್ದದ್ದು ಒಂದೇ ಪ್ರತಿ. ಅತ್ತೆಗೆ ಓದಲು ಬಾರದು. ಅದರೊಳಗೆ ಏನಿದೆಯೆಂದು ಆಕೆ ಕೇಳಿದಾಗಲೆಲ್ಲ ಮಾವನವರು, "ಪೂರ್ತಿ ಮುಗೀಲಿ, ಮುಂದ ಕುಂದ್ರಿಸಿಕೊಂಡು ಓದಿ ಹೇಳ್ತೀನಿ" ಎನ್ನುತ್ತಿದ್ದರಂತೆ. ಪುಸ್ತಕ ಬೈಂಡಿಗೆ ಹೋಗಿ ಬಂತು. ಮಾವನವರು ದವಾಖಾನೆಗೆ ಹೋದರು, ಬರಲಿಲ್ಲ.

ನನ್ನ ಯೋಜನೆ ಸರಳವಾಗಿತ್ತು. ದಿವಸದ ಊಟಕ್ಕೆ ಬಂದವರಿಗೆಲ್ಲ ಮಾವನವರ ನೆನಪಿಗೆ ಒಂದೊಂದು ಪುಸ್ತಕ! ಎಲ್ಲವನ್ನೂ ಖಾಕಿ ಕಾಗದದಲ್ಲಿ ಅಂದವಾಗಿ ಸುತ್ತಿದೆ.

ನನ್ನ ಹೆಂಡತಿ ಶಾಂತಾ ಎಚ್ಚರಿಸಿದಳು. "ಯಾರಿಗೆ ಯಾವುದು ಅಂತ ನೋಡಿ ಕೊಡ್ರಿ."

"ಜ್ಞಾನದಾನದಾಗ ಆರಿಸಬಾರದು" ಎಂದೆ.

ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಬಂದವರ ಕೈಗೆ ಒಂದೊಂದು ಪೊಟ್ಟಣ ಇಟ್ಟು ನಮಸ್ಕರಿಸಿದೆ. ಕೋಣೆ ಖಾಲಿಯಾಯಿತು. ನನಗೆ ನಾನೇ ಶಭಾಷ್ ಅಂದುಕೊಂಡೆ.

ಮಂದಿ ಕರಗಿ ಮನೆ ಬಿಕೋ ಎನ್ನತೊಡಗಿದಾಗ ಅತ್ತೆ ನನ್ನನ್ನು ಕರೆದು ಎದುರಿಗೆ ಕೂಡಿಸಿಕೊಂಡರು. "ಮಾಸ್ತರ, ಅವರಂತೂ ಓದಿ ಹೇಳ್ಲಿಲ್ಲ. ನೀವಾದ್ರೂ ಓದ್ರಿ. ಮನಿತನದ ಪುಸ್ತಕ ತರ್ರಿ."

ನಾನು ಖಾಲಿ ಕೋಣೆಯ ಕಡೆ ನೋಡಿದೆ. ಅದನ್ನೂ ಹಂಚಿಬಿಟ್ಟಿದ್ದೆ!

ಅಡುಗೆಮನೆಯಲ್ಲಿ ಶಾಂತಾ ಹಲ್ಲು ಕಚ್ಚಿ ಪಿಸುಗುಟ್ಟಿದಳು. "ಅಪ್ಪನ್ನ ಮಣ್ಣು ಮಾಡಿದ್ದು ಸಾಲದಂತ ಅಪ್ಪ ಬರದದ್ದನ್ನೂ ಮಣ್ಣು ಮಾಡಿದ್ರಿ. ಹೋಗ್ರಿ, ಹುಡುಕ್ರಿ!"

ಹೊರಟೆ. ಸಿದ್ದಾಪುರದ ಭತ್ತದ ವ್ಯಾಪಾರಿ ಪೊಟ್ಟಣ ಬಿಚ್ಚಿ ನೋಡಿ, ಏನೂ ತಿಳಿಯದೆ ಮತ್ತೆ ಸುತ್ತಿಟ್ಟಿದ್ದರು. ಅದು ವ್ಯಾಕರಣದ ಪುಸ್ತಕ. ತಾವರಗೇರಾದಲ್ಲಿ ಒಬ್ಬ ವಿಧವೆಗೆ ಸುಖೀ ದಾಂಪತ್ಯದ ಸೂತ್ರಗಳು ಹೋಗಿದ್ದವು. ಆಕೆ ತಲೆ ತಗ್ಗಿಸಿ ವಾಪಸು ಕೊಟ್ಟಳು. ನಾನೂ ತಲೆ ತಗ್ಗಿಸಿ ಇಸಿದುಕೊಂಡೆ. ಎಲ್ಲಕ್ಕಿಂತ ಕಷ್ಟವಾದದ್ದು ಮಾವನವರಿಗೆ ಚಿಕಿತ್ಸೆ ಕೊಟ್ಟ ಡಾಕ್ಟರನ್ನು ಎದುರಿಸುವುದು. ಅವರಿಗೆ ಸಿಕ್ಕ ಕಾದಂಬರಿಯ ಮೊದಲನೇ ಅಧ್ಯಾಯದಲ್ಲೇ ಒಬ್ಬ ಡಾಕ್ಟರು ರೋಗಿಗೆ ವಿಷ ಹಾಕುತ್ತಾನೆ.

"ಮಾಸ್ತರ, ಏನಾರ ಮನಸಿನಾಗಿದ್ರ ಬಾಯಿಬಿಟ್ಟು ಹೇಳ್ರಿ" ಎಂದರು ಅವರು.

ಮನೆತನದ ಇತಿಹಾಸ ಮಾತ್ರ ಎಲ್ಲೂ ಸಿಗಲಿಲ್ಲ. ಇತ್ತ ಅತ್ತೆ ದಿನವೂ ಬಾಗಿಲಲ್ಲೇ ಕಾಯುತ್ತಿದ್ದರು. ಕಡೆಗೆ ನಾನು ಕನ್ನಡ ಮಾಸ್ತರನೊಬ್ಬ ಮಾಡಬಾರದ ಕೆಲಸ ಮಾಡಿದೆ. ವಾಪಸು ಬಂದ ಪುಸ್ತಕಗಳಲ್ಲಿ ದಪ್ಪನೆಯದೊಂದನ್ನು ತೆಗೆದುಕೊಂಡು, "ಇದ ನೋಡ್ರಿ ಅತ್ತಿ" ಎಂದು ಓದಲು ಕುಳಿತೆ. ಅದು ಶಾಸನಗಳ ಸಂಶೋಧನೆ. ಕಲ್ಲಿನ ಎತ್ತರ, ಕಲ್ಲಿನ ಅಗಲ, ಸವೆದುಹೋದ ಸಾಲುಗಳು. ಅತ್ತೆ ಬಹಳ ಹೊತ್ತು ತಾಳಿಕೊಂಡರು.

"ನಮ್ಮ ಮನಿತನದಾಗ ಬರೇ ಕಲ್ಲ ಅದಾವೇನ್ರಿ? ಮನಷ್ಯಾರ ಇಲ್ಲೇನು?"

ಮರುದಿನ ಬೇರೊಂದು ಕಾದಂಬರಿ ಹಿಡಿದೆ. ಓದುತ್ತಲೇ ಪಾತ್ರಗಳಿಗೆ ಮನೆತನದವರ ಹೆಸರು ಹಾಕಿದೆ. ಗಂಡ ಕೈಬಿಟ್ಟ ಹೆಣ್ಣೊಬ್ಬಳು ಒಬ್ಬಳೇ ದುಡಿದು ಮಕ್ಕಳನ್ನು ಸಾಕುವ ಕಥೆ. ಅತ್ತೆ ಕಣ್ಣೊರೆಸಿಕೊಂಡರು. "ಹೌದ್ರಿ, ಹೆಂಗಸಿನ ಬಾಳೇ ಹಂಗ. ಅವರಿಗೆ ಇದೆಲ್ಲ ತಿಳಿದಿತ್ತಲ್ಲ!" ಎಂದು ಮಾವನವರ ಫೋಟೋಗೆ ಕೈ ಮುಗಿದರು. ನನಗೆ ಉತ್ಸಾಹ ಬಂತು. ಆಸ್ತಿಗಾಗಿ ತಮ್ಮನೊಬ್ಬ ಅಣ್ಣನನ್ನು ಬಾವಿಗೆ ನೂಕುವ ಅಧ್ಯಾಯವನ್ನೂ ಅಭಿನಯ ಸಹಿತ ಓದಿದೆ. ಆ ತಮ್ಮನಿಗೆ ನವಲಿಯ ಚಿಕ್ಕಮಾವನ ಅಜ್ಜನ ಹೆಸರು ಇಟ್ಟುಬಿಟ್ಟಿದ್ದೆ!

ಚಿಕ್ಕಮಾವನೆಂದರೆ ಮಾವನವರ ದಾಯಾದಿ ತಮ್ಮ, ಇಬ್ಬರ ಅಜ್ಜಂದಿರು ಅಣ್ಣತಮ್ಮಂದಿರು. ಆ ವಾರವೇ ಅತ್ತಿಗೆಯನ್ನು ಮಾತಾಡಿಸಲು ಬಂದರು. ಅತ್ತೆ ನೀರು ಸಹ ಕೊಡಲಿಲ್ಲ.

"ಯಾಕ ವೈನಿ, ಮಾತಾಡವಲ್ರಿ?"

"ಬಾವ್ಯಾಗ ನೂಕಿದವರ ಕೂಡ ಏನ್ ಮಾತಪಾ?"

"ಯಾವ ಬಾವಿ? ಯಾರನ್ನ ನೂಕಿದ್ವಿ?"

"ನಿಮ್ಮಣ್ಣನೇ ಬರದಿಟ್ಟು ಹೋಗ್ಯಾರ. ಮಾಸ್ತರ ಓದಿ ಹೇಳ್ಯಾರ."

ಚಿಕ್ಕಮಾವ ಅಂಗಳದಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಕೂಗಾಡಿದರು. "ಅಣ್ಣಗ ಹೆಗಲು ಕೊಟ್ಟಾಂವ ನಾನು. ಸತ್ತ ಮ್ಯಾಲೂ ಇಂಥಾ ಮಾತು ಅನಿಸ್ಯಾನೇನು?" ಎನ್ನುತ್ತ ಅತ್ತುಬಿಟ್ಟರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಮರುದಿನ ಅವರು ನವಲಿಯಿಂದ ಮತ್ತೆ ಬಂದು, ಖಾಕಿ ಪೊಟ್ಟಣವೊಂದನ್ನು ಕಟ್ಟೆಯ ಮೇಲೆ ಒಗೆದರು. "ಅಣ್ಣನ ನೆನಪು ಅಂತ ದೇವರ ಜಗಲಿ ಮ್ಯಾಲೆ ಇಟ್ಟಿದ್ದೆ. ಇನ್ನ ನಿಮ್ಮದೇನೂ ನಮಗ ಬ್ಯಾಡ!"

ಕಾಗದ ಹರಿಯಿತು. ಒಳಗೆ ಮನೆತನದ ಇತಿಹಾಸ. ಮನೆಯವರೇ ಎಂದು ಅವರೊಬ್ಬರನ್ನು ಮಾತ್ರ ನಾನು ಕೇಳಿರಲಿಲ್ಲ!

ನಾನು ಎಲ್ಲರೆದುರು ನಿಜ ಹೇಳಿದೆ. ಚಿಕ್ಕಮಾವ ನನ್ನ ಮೇಲೆ ಏರಿ ಬಂದರು, ಶಾಂತಾ ನಡುವೆ ಬಂದಳು. ಅತ್ತೆ ಮಾತ್ರ ಮೆಲ್ಲಗೆ ಕೇಳಿದರು, "ಹಂಗಾರ ಬಾವ್ಯಾಗ ಯಾರೂ ಬಿದ್ದಿಲ್ಲೇನ್ರಿ?" ಆಮೇಲೆ ಮೈದುನನಿಗೆ ಚಹಾ ಕೊಟ್ಟು, "ಈಗ ಖರೇದ್ದನ್ನ ಓದ್ರಿ" ಎಂದರು.

ಓದಿದೆ. ಮುತ್ತಜ್ಜ, ಅಜ್ಜ, ಹೊಲ, ಮನೆ. ಅತ್ತೆ ಮುಂದಕ್ಕೆ ಬಾಗಿ ತಮ್ಮ ಸರದಿಗಾಗಿ ಕಾಯುತ್ತಿದ್ದರು. ಅದೂ ಬಂತು. "ಬಳಿಕ ಯಲಬುರ್ಗಾದ ಸತ್ಕುಲದ ಕನ್ಯೆಯೊಡನೆ ನನ್ನ ವಿವಾಹವಾಯಿತು." ಮುಂದಿನ ಸಾಲಿನಿಂದ ಮಾವನವರ ನೌಕರಿ, ಆಮೇಲೆ ಒಂದು ಪುಟ ತುಂಬ ಜೋಡೆತ್ತುಗಳ ವರ್ಣನೆ, ಹೆಸರು ಸಮೇತ. ಕೊನೆಯ ಪುಟದವರೆಗೂ ಹುಡುಕಿದೆ. ಆಕೆಯ ಬಗ್ಗೆ ಬೇರೇನೂ ಇರಲಿಲ್ಲ.

"ಎತ್ತಿನ ಹೆಸರು ಬರದಾರಲ್ಲ" ಎಂದರು ಅತ್ತೆ.

 ಆ ಮಾತು ಕೇಳಿ ಸುಮ್ಮನಿರಲು ನನ್ನಿಂದಾಗಲಿಲ್ಲ. ನನಗೆ ಮತ್ತೆ ಉತ್ಸಾಹ ಬಂತು! "ಅದಕ್ಕೇನಾತ್ರಿ, ನಾ ಸೇರಿಸ್ತೀನಿ" ಎಂದು ಪೆನ್ನು ತೆಗೆದು, ಆ ಸಾಲಿನ ಮೇಲೆ ದುಂಡಗೆ ಬರೆದು ಗಟ್ಟಿಯಾಗಿ ಓದಿದೆ. "ಶರಣಮ್ಮ ಎಂಬ ಕನ್ಯೆಯೊಡನೆ..."

ಅತ್ತೆ ನನ್ನ ಮುಖವನ್ನೇ ನೋಡಿದರು.

"ಶರಣಮ್ಮ ನನ್ನ ತಂಗಿರಿ, ಮಾಸ್ತರ. ಆಕಿ ಸತ್ತು ಭಾಳ ವರ್ಷ ಆತು."

ಶಾಂತಾ ಪೆನ್ನು ಕಸಿದುಕೊಂಡಳು. "ಹೇಳವ್ವಾ, ನಾ ಬರಕೋತೀನಿ" ಎಂದು ಅವ್ವನ ಪಕ್ಕ ಕುಳಿತಳು. ಅತ್ತೆ ತಮ್ಮ ಹೆಸರಿನಿಂದ ಶುರು ಮಾಡಿದರು. ಬಸಲಿಂಗಮ್ಮ. ಕೇಳಲು ನನಗೆ ಮುಖವಿರಲಿಲ್ಲ. ಇನ್ನೊಮ್ಮೆ ಚಹಾ ಮಾಡುತ್ತೇನೆಂದು ಒಳಗೆ ಹೋಗಿ ನೀರು ಕುದಿಯಲಿಟ್ಟೆ. ಆ ಮನೆಯಲ್ಲಿ ಸಕ್ಕರೆ ಎಲ್ಲಿಡುತ್ತಾರೆಂದು ನನಗೆ ತಿಳಿದಿರಲಿಲ್ಲ. ನೀರು ಬತ್ತಿತು. ಹೊರಗೆ ಹೋಗಿ ಕೇಳುವ ಧೈರ್ಯ ಮಾತ್ರ ಬರಲಿಲ್ಲ.